ಹೀಚು ಉದುರಿದರೆ ಗೊಬ್ಬರ ಸುರಿಯುವ ಮುನ್ನ ಹೂವು ನೋಡಿ

ಸಿಹಿಗುಂಬಳದ ಬಳ್ಳಿ ಸೊಂಪಾಗಿ ಹಬ್ಬಿದೆ, ಹೂವೂ ಬಿಟ್ಟಿದೆ, ಆದರೆ ನೆಲ್ಲಿಕಾಯಿ ಗಾತ್ರದ ಹೀಚು ಹಳದಿಯಾಗಿ ಉದುರುತ್ತಿದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರ ಕೈ ಹೋಗುವುದು ಗೊಬ್ಬರದ ಚೀಲಕ್ಕೆ. ಸಾರಜನಕ ಜಾಸ್ತಿಯಾದರೆ ಎಲೆ ಇನ್ನಷ್ಟು ಸೊಕ್ಕುತ್ತದೆ, ಅಷ್ಟೇ. ಮೊದಲು ನೋಡಬೇಕಾದದ್ದು ಪರಾಗಸ್ಪರ್ಶ ಆಗಿದೆಯೋ ಇಲ್ಲವೋ ಎಂಬುದನ್ನು.

ಮೆಕ್ಕೆಜೋಳದ ಪರಾಗವನ್ನು ಗಾಳಿಯೇ ಒಯ್ಯುತ್ತದೆ. ಭತ್ತ, ಗೋಧಿ ಬಹುಮಟ್ಟಿಗೆ ತಮ್ಮಷ್ಟಕ್ಕೆ ತಾವೇ ಕಾಳು ಕಟ್ಟುತ್ತವೆ. ಆದರೆ ಜಗತ್ತಿನ ಮುಖ್ಯ ಆಹಾರ ಬೆಳೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಸ್ವಲ್ಪವಾದರೂ ಕೀಟ, ಹಕ್ಕಿ, ಬಾವಲಿಗಳನ್ನು ನೆಚ್ಚಿವೆ. ಕುಂಬಳದ ಜಾತಿಯಲ್ಲಂತೂ ಗಂಡು, ಹೆಣ್ಣು ಹೂವು ಬೇರೆ ಬೇರೆ. ಪರಾಗ ಅಂಟು, ಭಾರ. ಜೇನುನೊಣವೋ ದುಂಬಿಯೋ ಹೊತ್ತು ತರದಿದ್ದರೆ ಕಾಯಿ ಇಲ್ಲ.

ಹೂವಿನ ಬುಡ ನೋಡಿ. ಪುಟ್ಟ ಕಾಯಿಯಂಥ ಗುಂಡು ಇದ್ದರೆ ಹೆಣ್ಣು, ಬರೀ ತೊಟ್ಟಿದ್ದರೆ ಗಂಡು. ಶುರುವಿನಲ್ಲಿ ಗಂಡು ಹೂವೇ ಬಿಡುತ್ತವೆ, ಉದುರುತ್ತವೆ, ಅದು ರೋಗವಲ್ಲ. ಹೆಣ್ಣು ಹೂವು ಬಂದ ಮೇಲೂ ನೊಣ ಸುಳಿಯದಿದ್ದರೆ ನೀವೇ ಆ ಕೆಲಸ ಮಾಡಿ. ಬೆಳಿಗ್ಗೆ ಒಂಬತ್ತರೊಳಗೆ, ಅಂದೇ ಅರಳಿದ ಗಂಡು ಹೂವು ಕಿತ್ತು, ಎಸಳು ಹರಿದು ಹಾಕಿ. ಉಳಿದ ಕೇಸರವನ್ನು ಬೆರಳಿಗೆ ತಾಕಿಸಿದರೆ ಹಳದಿ ಪುಡಿ ಮೆತ್ತಬೇಕು. ಮಳೆಗೆ ನೆನೆದದ್ದು ಬೇಡ. ಹೆಣ್ಣು ಹೂವಿನ ನಡುವೆ ಮೂರು ಹೋಳಾಗಿ ನಿಂತಿರುವ ಅಂಟಂಟು ಶಲಾಕಾಗ್ರಕ್ಕೆ, ಮೂರೂ ಹೋಳಿಗೆ, ಮೆಲ್ಲಗೆ ಒರೆಸಿ. ಒಂದು ಗಂಡು ಹೂವು ಎರಡು ಮೂರು ಹೆಣ್ಣಿಗೆ ಸಾಕು. ಹೀರೆ, ಸೋರೆಗೆ ಬೆಳಿಗ್ಗೆ ಹೋಗಿ ಪ್ರಯೋಜನವಿಲ್ಲ, ಅವು ಅರಳುವುದೇ ಸಂಜೆ.

ಒಂದು ಹೋಳಿಗೆ ಮಾತ್ರ ಒರೆಸಿ ಬಿಟ್ಟರೆ ಏನಾಗುತ್ತದೆ? ಪ್ರತಿ ಬೀಜಕ್ಕೂ ಒಂದು ಪರಾಗದ ಕಣ ಬೇಕು. ಬೀಜ ಕಟ್ಟದ ಕಡೆ ಕಾಯಿ ಊದುವುದಿಲ್ಲ, ಸೊಟ್ಟಗಾಗುತ್ತದೆ. ತುದಿ ಸಣಕಲಾದ ಸೌತೆಯನ್ನು ಕುಯ್ದರೆ ಆ ತುದಿಯಲ್ಲಿ ಬೀಜ ಜೊಳ್ಳಾಗಿರುವುದು ಕಾಣುತ್ತದೆ. (ಬೀಜವಿಲ್ಲದೆ ಕಾಯಿ ಕಟ್ಟುವ ಪಾಲಿಹೌಸ್ ಸೌತೆಯ ತಳಿಗಳಿಗೆ ಈ ಮಾತು ಅನ್ವಯಿಸದು.)

ಟೊಮೇಟೊದ ಕಥೆ ಬೇರೆ. ಗಂಡು, ಹೆಣ್ಣು ಒಂದೇ ಹೂವಿನಲ್ಲಿದ್ದರೂ ಪರಾಗ ಕೊಳವೆಯೊಳಗೆ ಸೇರಿಕೊಂಡಿರುತ್ತದೆ, ಅದುರಿಸಿದರೆ ಮಾತ್ರ ಉದುರುತ್ತದೆ. ದುಂಬಿ ಗುಂಯ್‌ಗುಡುವುದು ಅದಕ್ಕೇ. ಜೇನುನೊಣಕ್ಕೆ ಆ ವಿದ್ಯೆ ಗೊತ್ತಿಲ್ಲ. ಬಿಸಿಲು ಏರಿ ಇಬ್ಬನಿ ಆರಿದ ಮೇಲೆ ಹೂಗೊಂಚಲಿನ ತೊಟ್ಟನ್ನು ಬೆರಳಿನಿಂದ ನಾಲ್ಕಾರು ಸಲ ತಟ್ಟಿ. ಆದರೆ ಹಗಲಿನ ಬಿಸಿ 35 ಡಿಗ್ರಿ ದಾಟುತ್ತಿದ್ದರೆ ಪರಾಗವೇ ಸತ್ತಿರುತ್ತದೆ. ಆಗ ಮೊದಲು ನೆರಳು ಕೊಡಿ.

ಕೈಕೆಲಸ ಹತ್ತು ಬಳ್ಳಿಗೆ ಸರಿ, ಎಕರೆಗಟ್ಟಲೆಗೆ ಆಗದು. ಅಲ್ಲಿಗೆ ನೊಣವೇ ಬರಬೇಕು. ಹೂವಿರುವಾಗ ಕೀಟನಾಶಕ ಬೇಡ. ಅನಿವಾರ್ಯವಾದರೆ ಹೂವು ಮುಚ್ಚಿದ ಮೇಲೆ ಸಿಂಪಡಿಸಿ, ಬೆಳಿಗ್ಗೆ ಅರಳುವ ಬೆಳೆಗಾದರೆ ಸಂಜೆ. ಬೇವಿನೆಣ್ಣೆಗೂ ಇದೇ ನಿಯಮ. ಗಿಡದೊಳಗೆ ಹರಿಯುವ ಔಷಧ ಮಕರಂದಕ್ಕೂ ಇಳಿಯುವುದರಿಂದ ಸಂಜೆ ಹೊಡೆದರೂ ಅಪಾಯ ತಪ್ಪದು. ಕೊತ್ತಂಬರಿ, ಸಾಸಿವೆ, ತುಳಸಿಯ ನಾಲ್ಕು ಗಿಡ ಹೂವಿಗೆಂದೇ ಬಿಡಿ. 6ರಿಂದ 10 ಮಿಲಿಮೀಟರ್ ತೂತಿನ, ಗೇಣುದ್ದದ, ಹಿಂದಿನ ತುದಿ ಮುಚ್ಚಿದ ಬಿದಿರಿನ ಕೊಳವೆಗಳನ್ನು ಕಟ್ಟಿ, ಮಳೆ ತಾಗದ ಕಡೆ ಅಲ್ಲಾಡದಂತೆ ತೂಗುಹಾಕಿದರೆ ಒಂಟಿ ಜೇನುಗಳು ಗೂಡು ಮಾಡುತ್ತವೆ. ಬಾಯಿಗೆ ಮಣ್ಣಿನ ಬಿರಡೆ ಬಿದ್ದಿದ್ದರೆ ಒಳಗೆ ಮರಿ ಇದೆ ಎಂದರ್ಥ. ಅದು ಕೊರೆದು ಹೊರಬರುವವರೆಗೆ ಆ ಕೊಳವೆಯನ್ನು ಮುಟ್ಟಬೇಡಿ.