ಮುಗ್ಗರಿಸುತ್ತಿದ್ದ ‘ಫ್ಲೀಗೆಂಡರ್ ಹಾಂಬುರ್ಗರ್’ ಮತ್ತೆ ಓಡಿದ ಬಗೆ

1933ರಲ್ಲಿ ಸೇವೆಗೆ ಬಂದು, ಬರ್ಲಿನ್‌ನಿಂದ ಹಾಂಬುರ್ಗ್‌ವರೆಗಿನ 286 ಕಿಲೋಮೀಟರ್ ದೂರವನ್ನು 138 ನಿಮಿಷಗಳಲ್ಲಿ ಕ್ರಮಿಸುತ್ತಿದ್ದ ಜರ್ಮನಿಯ ಡೀಸೆಲ್ ರೈಲಿನ 1:87 ಪ್ರಮಾಣದ ಮಾದರಿಯು ನನ್ನ ಮೇಜಿನ ಮೇಲೆ ಮಾತ್ರ ಹಳಿ ಕವಲೊಡೆಯುವಲ್ಲೆಲ್ಲ ಮುಗ್ಗರಿಸಿ ನಿಲ್ಲುತ್ತಿತ್ತು. ಮೋಟಾರು ಕೆಟ್ಟಿದೆಯೆಂದು ಭಾವಿಸಿ ಅದನ್ನು ಬಿಚ್ಚಿದ್ದು ವ್ಯರ್ಥ ಶ್ರಮವಾಯಿತು. ವಿದ್ಯುತ್ತನ್ನು ಅಳೆಯುವ ಮಲ್ಟಿಮೀಟರ್ ಹಿಡಿದು ಒಂದೊಂದೇ ಗಾಲಿಯನ್ನು ಪರೀಕ್ಷಿಸಿದಾಗ, ಎರಡೂ ಬೋಗಿಗಳ ತುದಿಯನ್ನು ಹೊತ್ತಿರುವ ನಡುವಿನ ಯಾಕೊಬ್ಸ್ ಗಾಲಿಚೌಕಟ್ಟಿನ ಮೂಲಕ ಹಳಿಯಿಂದ ಮೋಟಾರಿಗೆ ವಿದ್ಯುತ್ತು ಬರುತ್ತಲೇ ಇಲ್ಲವೆಂಬುದು ತಿಳಿಯಿತು. ಗಾಲಿಯ ಒಳಮೈಗೆ ತಾಗಬೇಕಾದ ತೆಳು ಕಂಚಿನ ಪಟ್ಟಿಯು ಹಳೆಯ ಎಣ್ಣೆ ಮತ್ತು ಧೂಳಿನ ಜಿಡ್ಡಿನಲ್ಲಿ ಸಿಲುಕಿ ಕೂದಲೆಳೆಯಷ್ಟು ಸರಿದಿತ್ತು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಚಿಮಟದಿಂದ ಪಟ್ಟಿಯನ್ನು ತುಸುವೇ ಬಾಗಿಸಿದೆ. ಹೆಚ್ಚು ಬಾಗಿಸಿದರೆ ಅದೇ ಬ್ರೇಕಿನಂತೆ ಗಾಲಿಯನ್ನು ಹಿಡಿದುಬಿಡುತ್ತದೆ. ಈಗ ಅತಿ ನಿಧಾನವಾಗಿ ಓಡಿಸಿದರೂ ದೀಪ ಮಿಣುಕದೆ ಕವಲನ್ನು ದಾಟುತ್ತಿದೆ.