ಮೊನೆ ಕೊಳ್ಳುವ ಮೊದಲು ಬಾಣ ತೂಗಿ ನೋಡಿ

ಮರದ ಬಿಲ್ಲು ಕೈಗೆ ಬಂದ ವಾರದೊಳಗೆ ಹೆಚ್ಚಿನವರು ಮೊಬೈಲಿನಲ್ಲಿ ಹುಡುಕುವುದು ಒಂದೇ ವಿಷಯ: ಒಳ್ಳೆ ಮೊನೆ ಯಾವುದು? ಹುಡುಕಿದ ಕೂಡಲೇ ಕಣ್ಣಿಗೆ ಬೀಳುವುದು ಬ್ರಾಡ್‌ಹೆಡ್. ಎರಡೋ ಮೂರೋ ಅಲಗು, ಬ್ಲೇಡಿನಂಥ ಹರಿತ, ಮೂರು ಮೊನೆಯ ಪೊಟ್ಟಣಕ್ಕೆ ಸಾವಿರಗಟ್ಟಲೆ ರೂಪಾಯಿ. ಫೋಟೊ ನೋಡಿದರೆ ಆಸೆಯಾಗುವುದು ಸಹಜ. ಆದರೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಹವ್ಯಾಸಕ್ಕೆ ಬಿಲ್ಲು ಹಿಡಿದವರಿಗೆ ಅದು ದಂಡದ ಖರ್ಚು. ದಂಡ ಅನ್ನುವ ಮಾತನ್ನು ಎರಡೂ ಅರ್ಥದಲ್ಲಿ ತಗೊಳ್ಳಿ.

ಬ್ರಾಡ್‌ಹೆಡ್ ಮಾಡಿರುವುದೇ ಬೇಟೆಗೆ. ಅಮೆರಿಕದಲ್ಲಿ ಲೈಸೆನ್ಸ್ ಪಡೆದು ಬಿಲ್ಲಿನಿಂದ ಜಿಂಕೆ ಬೇಟೆಯಾಡುವವರಿದ್ದಾರೆ. ಅಲ್ಲಿನ ಹಲವು ರಾಜ್ಯಗಳಲ್ಲಿ ಅಲಗು ಕನಿಷ್ಠ 7/8 ಇಂಚು ಅಗಲ ಇರಲೇಬೇಕೆಂಬ ನಿಯಮವಿದೆ. ಮರದ ಬಿಲ್ಲಿನವರು ದುಬಾರಿ ಮೊನೆ ಕೊಳ್ಳುವಾಗ ಉಕ್ಕು ಹರಿತ ಉಳಿಸಿಕೊಳ್ಳುತ್ತದೆಯೇ, ತುದಿ ಬಾಣದ ಕೋಲಿನ ನೇರಕ್ಕೆ ಕೂರುತ್ತದೆಯೇ ಎಂದು ನೋಡುತ್ತಾರೆ. ಬಿಲ್ಲಿನ ಬಲ ಕಡಿಮೆ ಇದ್ದರೆ ಬಿಚ್ಚಿಕೊಳ್ಳುವ ಅಲಗು ಬಿಟ್ಟು ಎರಡು ಸ್ಥಿರ ಅಲಗಿನದನ್ನೇ ಆರಿಸುತ್ತಾರೆ. ಅಲಗು ಬಿಚ್ಚಲಿಕ್ಕೇ ಬಲ ಖರ್ಚಾದರೆ ಒಳಗೆ ಹೋಗಲು ಏನು ಉಳಿಯುತ್ತದೆ, ಅಲ್ವಾ?

ನಮ್ಮಲ್ಲಿ ಆ ಮಾತೇ ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಪ್ರಾಣಿಯನ್ನು ಕೊಲ್ಲುವುದಷ್ಟೇ ಬೇಟೆಯಲ್ಲ, ಕೊಲ್ಲಲು ಯತ್ನಿಸುವುದೂ ಬೇಟೆಯೇ. ರಾಣೆಬೆನ್ನೂರಿನ ಕೃಷ್ಣಮೃಗ ಅದರ ಮೊದಲನೇ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯ ಪ್ರಾಣಿ. ಅದರ ತಂಟೆಗೆ ಹೋದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಮೇಲೆ 25 ಸಾವಿರ ರೂಪಾಯಿಗೆ ಕಡಿಮೆಯಿಲ್ಲದ ದಂಡ. ಮೊಲ, ಕಾಡುಹಂದಿಗೂ ಇದೇ ಕಾಯ್ದೆಯ ರಕ್ಷಣೆ ಇದೆ. ಹಂದಿ ಗೋವಿನಜೋಳ ಹಾಳು ಮಾಡಿದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಬೇಕು, ಬಿಲ್ಲು ಎತ್ತಿಕೊಂಡು ಹೊಲಕ್ಕೆ ಹೋಗುವಂತಿಲ್ಲ. ಗುರಿಹಲಗೆಗೆ ಹೊಡೆಯಲಿಕ್ಕಾದರೂ ಬ್ರಾಡ್‌ಹೆಡ್ ಆದೀತೇ ಅಂದರೆ, ಅದೂ ಇಲ್ಲ. ಹಲಗೆಯ ಫೋಮ್ ನಾಲ್ಕು ದಿನದಲ್ಲಿ ಚಿಂದಿಯಾಗುತ್ತದೆ. ಬಾಣ ಕೀಳುವಾಗ ಅಂಗೈ ಕೊಯ್ದುಕೊಳ್ಳುವುದು ಬೇರೆ.

ಹಾಗಾದರೆ ಬೇಕಾದ್ದು ಅಲಗಿಲ್ಲದ ಉಕ್ಕಿನ ಮೊನೆ. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ತೂಕದ್ದು. ತೂಕ ಗೊತ್ತಾಗಬೇಕಾದರೆ ಹಿಂದಿನಿಂದ ಲೆಕ್ಕ ಹಾಕಿಕೊಂಡು ಬರಬೇಕು. ಮೊದಲು ಬಿಲ್ಲು, ಆಮೇಲೆ ಕೋಲು, ಕೊನೆಗೆ ಮೊನೆ.

ಬಿಲ್ಲಿನ ಬಲ ಅಳೆಯಿರಿ

ಬಿಲ್ಲಿನ ಮೇಲೆ 40 ಪೌಂಡ್, 28 ಇಂಚು ಎಂದು ಬರೆದಿರುತ್ತದೆ. ಹೆದೆಯನ್ನು 28 ಇಂಚು ಎಳೆದಾಗ ಅಷ್ಟು ಬಲ ಎಂದು ಅದರ ಅರ್ಥ. ನೀವು ಅಷ್ಟು ಎಳೆಯುತ್ತೀರಾ? ನಮ್ಮಲ್ಲಿ ಎಷ್ಟೋ ಜನರ ಎಳೆತ 26 ಇಂಚಿಗೇ ಮುಗಿಯುತ್ತದೆ. ಒಂದೊಂದು ಇಂಚು ಕಡಿಮೆಯಾದಂತೆ ಸುಮಾರು ಎರಡೂವರೆ ಪೌಂಡ್ ಇಳಿಯುತ್ತದೆ. ಅಂದರೆ 40ರ ಬಿಲ್ಲು ನಿಮ್ಮ ಕೈಯಲ್ಲಿ 35ರ ಬಿಲ್ಲು.

ಅಂದಾಜು ಬೇಡ ಅನ್ನುವವರು ಲಗೇಜ್ ತೂಗುವ ಕೊಕ್ಕೆಯ ತಕ್ಕಡಿ ತನ್ನಿ. ಕೊಕ್ಕೆಯನ್ನು ಹೆದೆಗೆ ಸಿಕ್ಕಿಸಿ, ನೀವು ಯಾವಾಗಲೂ ಎಳೆಯುವಷ್ಟೇ ಎಳೆಯಿರಿ. ಪಕ್ಕದಲ್ಲಿ ಇನ್ನೊಬ್ಬರು ನಿಂತು ಅಂಕಿ ಓದಲಿ. 16 ಕಿಲೊ ಬಂದರೆ 35 ಪೌಂಡ್ ಎಂದುಕೊಳ್ಳಿ. ಎಳೆದ ಹೆದೆಯನ್ನು ಮೆಲ್ಲಗೆ ಹಿಂದಕ್ಕೆ ತನ್ನಿ, ಬಾಣವಿಲ್ಲದೆ ಬಿಟ್ಟುಬಿಡಬೇಡಿ. ಖಾಲಿ ಹೆದೆ ಬಿಟ್ಟರೆ ಬಿಲ್ಲೇ ಸೀಳಬಹುದು.

ಇಡೀ ಬಾಣ ಎಷ್ಟು ಭಾರ ಇರಬೇಕು?

ಬಾಣದ ತೂಕವನ್ನು ಗ್ರೇನ್‌ನಲ್ಲಿ ಹೇಳುತ್ತಾರೆ. ಒಂದು ಗ್ರಾಮಿಗೆ 15.43 ಗ್ರೇನ್. ಮರದ ಬಿಲ್ಲಿಗೆ ಒಂದು ಪೌಂಡ್ ಬಲಕ್ಕೆ 8ರಿಂದ 10 ಗ್ರೇನ್ ಬಾಣ ಇದ್ದರೆ ಸರಿ. ನಾನಾದರೆ 10ರ ಆಸುಪಾಸು ಇಡಲು ಹೇಳುತ್ತೇನೆ. ತೀರಾ ಹಗುರ ಬಾಣ ಹಾಕಿದರೆ ವೇಗವೇನೋ ಸಿಗುತ್ತದೆ, ಆದರೆ ಬಾಣ ಹೊತ್ತುಕೊಂಡು ಹೋಗಬೇಕಾದ ಬಲದಲ್ಲಿ ಒಂದಿಷ್ಟು ಬಿಲ್ಲಿನಲ್ಲೇ ಉಳಿದು ಅದನ್ನು ಅದುರಿಸುತ್ತದೆ. ಭಾರ ಸ್ವಲ್ಪ ಜಾಸ್ತಿ ಆದರೆ ಸದ್ದು ಕಡಿಮೆ, ಕೈಗೂ ಹಿತ.

ಲೆಕ್ಕ ಮಾಡಿ ನೋಡೋಣ. 28 ಇಂಚಿನ ಕಾರ್ಬನ್ ಕೋಲು, ಇಂಚಿಗೆ 7 ಗ್ರೇನ್, ಒಟ್ಟು 196. ಮೊನೆ ತಿರುಪಿ ಕೂರಿಸಲು ಒಳಗೆ ಅಂಟಿಸುವ ಇನ್ಸರ್ಟ್ 15. ಹೆದೆಗೆ ಸಿಕ್ಕಿಸುವ ಹಿಂತುದಿಯ ನಾಕ್ 10, ಮೂರು ಗರಿ 10. ಇಲ್ಲಿಗೆ 231 ಆಯಿತು. 125 ಗ್ರೇನ್ ಮೊನೆ ಹಾಕಿದರೆ 356. ಇದನ್ನು 35 ಪೌಂಡಿನಿಂದ ಭಾಗಿಸಿ, ಹತ್ತಕ್ಕಿಂತ ಒಂದು ಚೂರು ಜಾಸ್ತಿ ಬರುತ್ತದೆ. ಹೇಳಿ ಮಾಡಿಸಿದ ಹಾಗಿದೆ. ಇದೇ ಬಾಣಕ್ಕೆ 200 ಗ್ರೇನ್ ಮೊನೆ ಹಾಕಿದರೆ 12 ದಾಟುತ್ತದೆ. ಬಿಲ್ಲಿಗೆ ತೊಂದರೆಯೇನಿಲ್ಲ, ಆದರೆ 30 ಮೀಟರಿಗೆ ಬಾಣ ಕಮಾನಿನಂತೆ ಬಾಗಿ ಇಳಿಯುತ್ತದೆ.

ಮರದ ಅಥವಾ ಬಿದಿರಿನ ಕೋಲಾದರೆ ಕ್ಯಾಟಲಾಗಿನ ಅಂಕಿ ನಂಬಬೇಡಿ. ಒಂದೇ ಕಟ್ಟಿನ ಎರಡು ಕೋಲಿಗೆ ಎದ್ದು ಕಾಣುವಷ್ಟು ವ್ಯತ್ಯಾಸ ಇರುತ್ತದೆ. ಅಡುಗೆಮನೆಯ ತಕ್ಕಡಿ ಇದಕ್ಕೆ ಸಾಲದು. ಪರಿಚಯದ ಅಕ್ಕಸಾಲಿಗರಿದ್ದರೆ ಅವರ ಅಂಗಡಿಗೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ಹೋಗಿ. ಚಿನ್ನ ತೂಗುವ ತಕ್ಕಡಿಯಲ್ಲಿ ಹನ್ನೆರಡು ಕೋಲು ತೂಗಲು ಹತ್ತು ನಿಮಿಷ ಸಾಕು. ಕೋಲಿನ ಮೇಲೆಯೇ ಪೆನ್ಸಿಲಿನಿಂದ ತೂಕ ಬರೆಯಿರಿ. ಒಂದು ಗ್ರಾಮಿನೊಳಗೆ ಹತ್ತಿರ ಇರುವ ಆರನ್ನು ಬೇರೆ ಮಾಡಿ, ಉಳಿದವನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ.

ಕೋಲಿನ ಬಾಗು, ಮೊನೆಯ ಭಾರ

ನನ್ನ ಪ್ರಕಾರ ಇಡೀ ವಿಷಯದ ತಿರುಳು ಇಲ್ಲಿದೆ. ಹಳೆ ಮಾದರಿಯ ಬಿಲ್ಲಿನಲ್ಲಿ ಬಾಣ ನಟ್ಟನಡುವೆ ಕೂರುವುದಿಲ್ಲ, ಹಿಡಿಯ ಪಕ್ಕದಲ್ಲಿ ಕೂರುತ್ತದೆ. ಹೆದೆ ಬಿಟ್ಟಾಗ ಕೋಲು ಹಾವಿನ ಹಾಗೆ ಬಳುಕಿ, ಹಿಡಿಯನ್ನು ಬಳಸಿಕೊಂಡು ಮುಂದೆ ಹೋಗುತ್ತದೆ. ಬಳುಕು ಕಡಿಮೆಯಾದರೂ ತಪ್ಪು, ಹೆಚ್ಚಾದರೂ ತಪ್ಪು. ಕೋಲು ಎಷ್ಟು ಬಗ್ಗುತ್ತದೆ ಎಂಬ ಅಳತೆಗೆ ಸ್ಪೈನ್ ಎನ್ನುತ್ತಾರೆ. ಕಾರ್ಬನ್ ಕೋಲಿನ ಮೇಲೆ 500, 600, 700 ಎಂದು ಬರೆದಿರುತ್ತದೆ. ಅಂಕಿ ದೊಡ್ಡದಾದಷ್ಟೂ ಕೋಲು ಮೆತ್ತಗೆ. 35 ಪೌಂಡಿನವರು 600 ಅಥವಾ 700ರಿಂದ ಶುರು ಮಾಡಬಹುದು.

ಮುಂದೆ ಭಾರದ ಮೊನೆ ಹಾಕಿದರೆ ಅದೇ ಕೋಲು ಇನ್ನೂ ಜಾಸ್ತಿ ಬಳುಕುತ್ತದೆ. ಹಗುರ ಮೊನೆ ಹಾಕಿದರೆ ಗಟ್ಟಿಯಾದಂತೆ ನಡೆದುಕೊಳ್ಳುತ್ತದೆ. ಹಾಗಾಗಿ ಬಿಲ್ಲಿಗೂ ಕೋಲಿಗೂ ಹೊಂದಾಣಿಕೆ ತರುವ ಕೆಲಸ ಮೊನೆಯದು. ದುಬಾರಿ ಮೊನೆ ಒಂದೇ ತೂಕದ ಒಂದು ಡಜನ್ ತರುವ ಬದಲು, ಸಾದಾ ಮೊನೆ 100, 125, 150, 175ರಲ್ಲಿ ಎರಡೆರಡು ತನ್ನಿ. ಪ್ರಯೋಗಕ್ಕೆ ಅಷ್ಟು ಸಾಕು.

ಗರಿ ಇರುವ ಮೂರು ಬಾಣ, ಗರಿ ಇಲ್ಲದ ಒಂದು ಬಾಣ ತಗೊಳ್ಳಿ. ಎಲ್ಲದಕ್ಕೂ ಒಂದೇ ತೂಕದ ಮೊನೆ ಇರಲಿ. 15 ಮೀಟರ್ ದೂರದಿಂದ ಒಂದೇ ಬಿಂದುವಿಗೆ ಹೊಡೆಯಿರಿ. ಗರಿ ಇರುವ ಬಾಣ ಹಾರುವಾಗ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಗರಿ ಇಲ್ಲದ್ದಕ್ಕೆ ಆ ಅನುಕೂಲ ಇಲ್ಲ, ಹಾಗಾಗಿ ಅದು ಬಿದ್ದ ಜಾಗ ನೋಡಿದರೆ ನಿಜ ಗೊತ್ತಾಗುತ್ತದೆ. ಬಲಗೈಯಲ್ಲಿ ಹೆದೆ ಎಳೆಯುವವರಿಗೆ ಅದು ಉಳಿದವುಗಳ ಎಡಕ್ಕೆ ಬಿದ್ದರೆ ಕೋಲು ಗಟ್ಟಿ, ಮೊನೆ ಭಾರ ಹೆಚ್ಚಿಸಿ. ಬಲಕ್ಕೆ ಬಿದ್ದರೆ ಕೋಲು ಮೆತ್ತಗೆ, ಮೊನೆ ಹಗುರ ಮಾಡಿ. ಎಡಗೈಯವರಿಗೆ ಇದು ಉಲ್ಟಾ. ಎಲ್ಲ ಹತ್ತಿರ ಹತ್ತಿರ ಬೀಳುವ ತನಕ ಮೊನೆ ಬದಲಿಸುತ್ತಾ ಹೋಗಿ. ಕೋಲು ಕತ್ತರಿಸಿ ಗಿಡ್ಡ ಮಾಡಿದರೂ ಗಟ್ಟಿಯಾಗುತ್ತದೆ, ಆದರೆ ಕತ್ತರಿಸಿದ್ದನ್ನು ಮತ್ತೆ ಜೋಡಿಸಲಾಗದು. ಮೊನೆ ಬದಲಿಸಿ ಆಗದಿದ್ದಾಗ ಮಾತ್ರ ಗರಗಸ ಹಿಡಿಯಿರಿ.

ಗಾಳಿ ಇಲ್ಲದ ಬೆಳಗ್ಗೆ ಇದನ್ನು ಮಾಡಿ. ಗದಗದ ಬಯಲಿನಲ್ಲಿ ಗಾಳಿ ಎದ್ದ ಮೇಲೆ ಬಾಣ ಎಡಕ್ಕೆ ಹೋದದ್ದು ಕೋಲಿನಿಂದಲೋ ಗಾಳಿಯಿಂದಲೋ ಹೇಳಲಾಗದು.

ಆಕಾರ, ದಪ್ಪ

ಬಂದೂಕಿನ ಗುಂಡಿನಾಕಾರದ ಮೊನೆ ಹಲಗೆಯಿಂದ ಸಲೀಸಾಗಿ ಹೊರಬರುತ್ತದೆ, ಹೊಸಬರಿಗೆ ಅದೇ ಸಾಕು. ಬಯಲಲ್ಲಿ ಓಡಾಡುತ್ತಾ ಒಣ ಹುಲ್ಲಿನ ಕಂತೆಗೋ ಮಣ್ಣಿನ ಗುಡ್ಡೆಗೋ ಹೊಡೆಯುವವರು ಜೂಡೋ ಮೊನೆ ಕೊಳ್ಳಿ. ಅದರ ಸುತ್ತ ನಾಲ್ಕು ಸ್ಪ್ರಿಂಗ್ ಕೈಗಳಿರುತ್ತವೆ. ಬಾಣ ಹುಲ್ಲಿನೊಳಗೆ ನುಸುಳಿ ಮಾಯವಾಗದಂತೆ ಅವು ತಡೆಯುತ್ತವೆ. ನಮ್ಮ ಎರೆ ಹೊಲಗಳಿಗೆ ಇದಕ್ಕಿಂತ ಉಪಯೋಗದ ವಸ್ತು ಇಲ್ಲ. ಬೇಸಿಗೆಯಲ್ಲಿ ಎರೆ ಭೂಮಿ ಬಿರಿದಾಗ ಗುರಿ ತಪ್ಪಿದ ಬಾಣ ನೇರ ಬಿರುಕಿನೊಳಗೆ ಇಳಿದುಬಿಡುತ್ತದೆ, ನಾಕ್ ಕೂಡ ಕಾಣುವುದಿಲ್ಲ. ಮಳೆಗಾಲದಲ್ಲಿ ಇನ್ನೊಂದು ಕಾಟ. ಅದೇ ಮಣ್ಣು ಮೊನೆಗೆ ಮೆತ್ತಿಕೊಂಡು ತೂಕ ಏರಿಸುತ್ತದೆ. ಅಷ್ಟು ಕಷ್ಟಪಟ್ಟು ಹೊಂದಿಸಿದ ಲೆಕ್ಕ ಸುಮ್ನೆ ಹೋಯಿತು. ಸೊಂಟಕ್ಕೊಂದು ಹಳೆ ಬಟ್ಟೆ ಸಿಕ್ಕಿಸಿಕೊಳ್ಳಿ.

ಮೊನೆಯ ದಪ್ಪ ಕೋಲಿನ ದಪ್ಪಕ್ಕೆ ಸರಿಹೊಂದಬೇಕು. ಮರದ ಕೋಲುಗಳು ಸಾಮಾನ್ಯವಾಗಿ 5/16, 11/32, 23/64 ಇಂಚಿನವು. ಮೊನೆ ಸಣ್ಣದಾದರೆ ಕೋಲಿನ ಅಂಚು ಹಲಗೆಗೆ ಬಡಿದು ಸಿಬಿರು ಏಳುತ್ತದೆ. ಮುಂದೆ ಸ್ಪರ್ಧೆಗೆ ಹೋಗುವ ಯೋಚನೆ ಇದ್ದರೆ ನೆನಪಿಡಿ, ವಿಶ್ವ ಬಿಲ್ಲುಗಾರಿಕೆ ಸಂಸ್ಥೆಯ ನಿಯಮದಲ್ಲಿ ಕೋಲು 9.3 ಮಿಲಿಮೀಟರಿಗಿಂತ ದಪ್ಪ ಇರುವಂತಿಲ್ಲ. 23/64ರದ್ದು ಸುಮಾರು 9.1 ಮಿಲಿಮೀಟರ್, ಪಾಸಾಗುತ್ತದೆ.

ಅಂಟಿಸುವುದು

ಮರದ ಕೋಲಿನ ತುದಿಯನ್ನು 5 ಡಿಗ್ರಿ ಓರೆಗೆ ಕೆತ್ತಬೇಕು. ಅದಕ್ಕೆಂದೇ ಮಾಡಿದ ಕೆತ್ತುವ ಉಪಕರಣ ಸಿಗುತ್ತದೆ. ಚಾಕುವಿನಿಂದ ಕೆತ್ತಿದರೆ ಮೊನೆ ಸೊಟ್ಟ ಕೂರುವುದು ಗ್ಯಾರಂಟಿ. ಮೊನೆಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯಲ್ಲಿ ಕಾಯಿಸಿ. ಹಾಟ್‌ಮೆಲ್ಟ್ ಗೋಂದಿನ ಕಡ್ಡಿಯನ್ನು ಕರಗಿಸಿ ಕೋಲಿನ ತುದಿಗೆ ಸವರಿ. ಬಿಸಿ ಮೊನೆಯನ್ನು ತಿರುವುತ್ತಾ ಒತ್ತಿ ಕೂರಿಸಿ, ತಣ್ಣೀರಿನಲ್ಲಿ ಅದ್ದಿ. ಬೆಂಕಿ ತಾಗಬೇಕಾದ್ದು ಮೊನೆಗೆ, ಕೋಲಿಗಲ್ಲ. ಕಾರ್ಬನ್ ಕೋಲಿಗಂತೂ ಉರಿ ತೋರಿಸಲೇಬೇಡಿ, ಒಳಗಿನ ರಾಳ ಸುಟ್ಟು ಕೋಲು ದುರ್ಬಲವಾಗುತ್ತದೆ. ಅದರ ಇನ್ಸರ್ಟನ್ನು ಅರಾಲ್ಡೈಟಿನಿಂದ ಅಂಟಿಸಿ ಒಂದು ರಾತ್ರಿ ಬಿಡಿ. ಮೇಲಿನ ಪ್ರಯೋಗದ ಮೊನೆಗಳು ಆ ಇನ್ಸರ್ಟಿಗೆ ತಿರುಪಿ ಹಾಕುವಂಥವು, ಬದಲಿಸುವುದು ಸುಲಭ.

ಅಂಟು ಗಟ್ಟಿಯಾದ ಮೇಲೆ ಮೊನೆಯನ್ನು ಅಂಗೈ ಮೇಲೆ ನಿಲ್ಲಿಸಿ, ಕೋಲನ್ನು ಬುಗುರಿಯಂತೆ ಅಲ್ಲ, ಎರಡು ಬೆರಳಿನಿಂದ ಮೆಲ್ಲಗೆ ತಿರುಗಿಸಿ. ಅಂಗೈಗೆ ಅದುರಿದಂತಾದರೆ ಮೊನೆ ಸೊಟ್ಟ ಕೂತಿದೆ. ಮರದ ಬಾಣವಾದರೆ ಮೊನೆಯನ್ನು ಮತ್ತೆ ಕಾಯಿಸಿ, ಅರ್ಧ ಸುತ್ತು ತಿರುಗಿಸಿ ಕೂರಿಸಿ.

ಬಾಣಗಳಿಗೆ ಒಂದರಿಂದ ಆರರವರೆಗೆ ನಂಬರ್ ಹಾಕಿ. ಎಷ್ಟೇ ಸರಿಯಾಗಿ ಹೊಡೆದರೂ ನಾಲ್ಕನೇ ನಂಬರೇ ಬಲಕ್ಕೆ ಹೋಗುತ್ತಿದೆ ಅಂದರೆ ತಪ್ಪು ನಿಮ್ಮ ಕೈಯದಲ್ಲ. ಕಾರ್ಬನ್ ಬಾಣವನ್ನು ಪ್ರತಿ ಸಲ ಕಿತ್ತ ಮೇಲೆ ಎರಡೂ ತುದಿ ಹಿಡಿದು ಮೆಲ್ಲಗೆ ಬಗ್ಗಿಸಿ, ಚಿಟಿಚಿಟಿ ಸದ್ದು ಬಂತಾ ಕೇಳಿ. ಬಂದರೆ ಆ ಬಾಣವನ್ನು ಅಲ್ಲೇ ಮುರಿದು ಬಿಸಾಕಿ. ಸೀಳಿದ ಕಾರ್ಬನ್ ಹೆದೆ ಬಿಡುವಾಗ ಒಡೆದರೆ ಸಿಬಿರು ನೇರ ಬಿಲ್ಲು ಹಿಡಿದ ಕೈಗೇ ನುಗ್ಗುತ್ತದೆ.