ರೂಟರ್ ಪಟ್ಟಿಯಲ್ಲಿ 14, ಮನೆಯಲ್ಲಿ ಎಣಿಸಿದರೆ 11

ಶಿವಮೊಗ್ಗದ ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೇ. ಊರಿಗೆ ಹೋದಾಗಲೆಲ್ಲ ಒಂದೊಂದು ಸ್ಮಾರ್ಟ್ ಸಾಮಾನು ಹಾಕಿ ಬಂದವನು ನಾನೇ. ಬಲ್ಬು, ಪ್ಲಗ್ಗು, ಕ್ಯಾಮೆರಾ. ಕಳೆದ ದೀಪಾವಳಿಯಲ್ಲಿ ಸುಮ್ನೆ ವೈಫೈ ರೂಟರ್‌ನ ಸೆಟ್ಟಿಂಗ್ ಪುಟ ತೆರೆದು, ಅದಕ್ಕೆ ಸೇರಿಕೊಂಡ ಸಾಧನಗಳ ಪಟ್ಟಿ ನೋಡಿದೆ. ಪಟ್ಟಿಯಲ್ಲಿ 14 ಸಾಧನ! ನಾನು ಎಣಿಸಿದ್ದು 11.

ನೀವೂ ನೋಡಬಹುದು. ರೂಟರ್ ಬೆನ್ನಿನ ಚೀಟಿಯಲ್ಲಿ 192.168.1.1 ಥರದ ವಿಳಾಸ ಇರುತ್ತದೆ. ಮನೆಯ ವೈಫೈಗೆ ಸೇರಿಕೊಂಡು ಅದನ್ನು ಬ್ರೌಸರಿನಲ್ಲಿ ಹಾಕಿ, ಲಾಗಿನ್ ಆಗಿ. 'ಇಎಸ್‌ಪಿ' (ESP) ಅಂತ ಶುರುವಾಗುವ ಹೆಸರು ಕಂಡರೆ ಗಾಬರಿ ಬೇಡ. ಅಗ್ಗದ ಬಲ್ಬು, ಪ್ಲಗ್ಗುಗಳೊಳಗೆ ಇರುವ ವೈಫೈ ಚಿಪ್ಪಿನ ಹೆಸರು ಅದು. ಯಾವುದು ಯಾವುದು ಅಂತ ತಿಳಿಯಲು ಒಂದೊಂದೇ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಪಟ್ಟಿ ಮತ್ತೆ ತೆರೆಯಿರಿ. ಮಾಯವಾದದ್ದೇ ಅದು. ನಾನು ಹಳೇ ಡೈರಿಯಲ್ಲಿ ಬರೆದುಕೊಳ್ಳುತ್ತಾ ಹೋದೆ, ಅರ್ಧ ದಿನ ಹಿಡಿಯಿತು.

ಹೆಚ್ಚಿಗೆ ಕಂಡ ಆ ಮೂರರಲ್ಲಿ ಒಂದು ಟಿವಿ ಬಾಕ್ಸ್. ಇನ್ನೊಂದು ಅಪ್ಪನದೇ ಫೋನು. ಫೋನುಗಳು ಈಗ ತಮ್ಮ ನಿಜ ಗುರುತಿನ ಬದಲು ಖಾಸಗಿ ವೈಫೈ ವಿಳಾಸ ಬಳಸುತ್ತವೆ, ಹಾಗಾಗಿ ಒಂದೇ ಫೋನು ಎರಡು ಸಲ ಕಾಣಬಹುದು. ಮೂರನೆಯದು ಮ್ಯಾಚ್ ನೋಡಲು ಬರುವ ಪಕ್ಕದ ಮನೆ ಹುಡುಗನದು. ಬಂದವರಿಗೆ ಬೇರೆ ವೈಫೈ, ಅಂದರೆ ಗೆಸ್ಟ್ ನೆಟ್‌ವರ್ಕ್ ಮಾಡಿಕೊಟ್ಟುಬಿಡಿ, ಅಷ್ಟೇ.

ಕ್ಯಾಮೆರಾದ ಜೊತೆ ಬಂದ ಪಾಸ್‌ವರ್ಡ್ ಮಾತ್ರ ಮೊದಲ ದಿನವೇ ಬದಲಿಸಿ. 2016ರಲ್ಲಿ ಮಿರಾಯ್ ಅನ್ನುವ ಕೆಡುಕು ತಂತ್ರಾಂಶ, ಅಂದರೆ ಮಾಲ್‌ವೇರ್ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳೊಳಗೆ ನುಗ್ಗಿದ್ದು ಯಾರೂ ಬದಲಿಸದೆ ಬಿಟ್ಟ ಪಾಸ್‌ವರ್ಡ್‌ಗಳಿಂದಲೇ. ನಮ್ಮ ಹಾಲ್ ಕ್ಯಾಮೆರಾ ಮೇಲೆ ಅಪ್ಪ ದಿನಾ ಟವೆಲ್ ಹೊದಿಸುತ್ತಿದ್ದರು. ಅವರದ್ದೇ ಸರಿ ಅನಿಸಿತು, ಅದನ್ನು ಗೇಟಿಗೆ ವರ್ಗಾಯಿಸಿದೆ.

ಗೀಸರ್ ವಿಷಯದಲ್ಲಿ ತಪ್ಪು ನನ್ನದು. 3000 ವಾಟ್‌ನ ಗೀಸರಿಗೆ 10 ಆಂಪ್ ಸ್ಮಾರ್ಟ್ ಪ್ಲಗ್ ಹಾಕಿದ್ದೆ. ಒಂದು ವಾರಕ್ಕೆ ಬಿಳಿ ಪ್ಲಾಸ್ಟಿಕ್ ಅಂಚು ಕಂದು ತಿರುಗಿ, ಸುಟ್ಟ ವಾಸನೆ. ಲೆಕ್ಕ ಸುಲಭ: ವಾಟನ್ನು ಮನೆ ಕರೆಂಟಿನ 230 ವೋಲ್ಟಿನಿಂದ ಭಾಗಿಸಿದರೆ ಆಂಪ್ ಸಿಗುತ್ತದೆ. 3000 ವಾಟಿಗೆ ಸುಮಾರು 13 ಆಂಪ್. 16 ಆಂಪ್ ಪ್ಲಗ್ಗೇ ಬೇಕು, ಗೋಡೆಯ ಸಾಕೆಟ್ಟೂ ಅಷ್ಟೇ ಇರಬೇಕು.

ಬಲ್ಬು ಆಪ್‌ನಲ್ಲಿ 'ಆಫ್‌ಲೈನ್' ಅಂದರೆ ಮೊದಲು ಗೋಡೆ ಸ್ವಿಚ್ ನೋಡಿ. ಅಮ್ಮ ಆರಿಸಿರುತ್ತಾರೆ! ಇನ್ನೊಂದು ತೊಂದರೆ, ರಾತ್ರಿ ಎರಡಕ್ಕೆ ಕರೆಂಟ್ ಬಂದೊಡನೆ ಬೆಡ್‌ರೂಮ್ ಬಲ್ಬು ಝಗ್ ಅಂತ ಹತ್ತುವುದು. ಆಪ್‌ನಲ್ಲಿ ಕರೆಂಟ್ ಬಂದಾಗ ಏನಾಗಬೇಕು ಎಂಬ ಸೆಟ್ಟಿಂಗ್ ಇದ್ದರೆ 'ಮೊದಲಿದ್ದಂತೆ' ಮಾಡಿ.

ಹೆಸರು ಮನೆಯವರ ಬಾಯಲ್ಲಿ ಇರುವುದನ್ನೇ ಇಡಿ. 'ಡಿವೈಸ್ 3' ಅಂದರೆ ಅಮ್ಮನಿಗೇನು ಗೊತ್ತು? ಗೀಸರಿಗೆ ಅವರು ಈಗಲೂ ಹಂಡೆ ಅನ್ನುತ್ತಾರೆ. ಆಪ್‌ನಲ್ಲೂ ಅದನ್ನೇ ಬರೆದೆ. ಈಗ ಬೆಳಗ್ಗೆ ಐದೂವರೆಗೆ ಬೆಂಗಳೂರಿನಲ್ಲಿ ನನ್ನ ಫೋನ್ ಕಿಣಿ ಕಿಣಿ ಅನ್ನುತ್ತದೆ: 'ಹಂಡೆ ಆನ್ ಆಗಿದೆ'.